ಬಚ್ಚಲ ಹಿಂದಿನ ಕೆಸು, ಬಾವಿಕಟ್ಟೆಯ ಬಸಳೆ

ಅಜ್ಜನಮನೆಯಲ್ಲಿ ತರಕಾರಿ ಎಂದರೆ ಮೊದಲು ಹಿತ್ತಿಲು, ಆಮೇಲೆ ಪೇಟೆ. ಪುತ್ತೂರಿನ ಸೋಮವಾರದ ಸಂತೆಯಿಂದ ನೀರುಳ್ಳಿ, ಬಟಾಟೆ ಬಂದರೆ ಬಂತು. ಉಳಿದದ್ದಕ್ಕೆಲ್ಲ ಅಜ್ಜಿ ಕತ್ತಿ ಹಿಡಿದು ಹಿಂಬಾಗಿಲು ದಾಟಿದರೆ ಸಾಕಿತ್ತು. ಬಲಕ್ಕೆ ಬಾವಿಕಟ್ಟೆ, ಅದರ ಪಕ್ಕ ಬಸಳೆ ಚಪ್ಪರ. ಎಡಕ್ಕೆ ಬಚ್ಚಲು, ಅದರ ನೀರು ತೋಟಕ್ಕೆ ಇಳಿಯುವ ಕಣಿಯ ಉದ್ದಕ್ಕೂ ಕೆಸು. ಆ ಮನೆಯ ಮೊಮ್ಮಕ್ಕಳು ನಾವೀಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಎಂದು ಚದುರಿದ್ದೇವೆ. ಮದುವೆ ಮುಂಜಿಗಳಲ್ಲಿ ಸೇರಿದಾಗ ಮಾತು ಎಲ್ಲೆಲ್ಲೋ ಸುತ್ತಿ ಆ ಹಿತ್ತಿಲಿಗೇ ಬರುತ್ತದೆ. ಈಚೆಗೆ ಮೈಸೂರಿನಲ್ಲಿ ಮನೆ ಕಟ್ಟಿಸಿದ ಅಕ್ಕ ಹಿಂದೆ ಒಂದಿಷ್ಟು ಮಣ್ಣಿನ ನೆಲ ಉಳಿಸಿಕೊಂಡಿದ್ದಾಳೆ. "ಕೆಸು ನೆಡುವುದಾ, ಬಸಳೆ ನೆಡುವುದಾ?" ಎಂದು ಅವಳು ಕೇಳಿದ್ದೇ ತಡ, ನಮ್ಮಲ್ಲಿ ಎರಡು ಪಕ್ಷವಾಯಿತು.

ಆಗಲೂ ಎರಡು ಪಕ್ಷವೇ. ಅಜ್ಜಿ ಕೆಸುವಿನ ಕಡೆ, ದೊಡ್ಡಮ್ಮ ಬಸಳೆಯ ಕಡೆ. "ಕೆಸುವಿಗೆ ಯಾರು ಏನು ಆರೈಕೆ ಮಾಡ್ತಾರೆ? ನೆಟ್ಟವರು ಹೋದರೂ ಅದು ಇರ್ತದೆ" ಎಂದು ಅಜ್ಜಿ. "ಇರ್ತದೆ ಅತ್ತೆ, ಗಂಟಲು ತುರಿಸ್ಲಿಕ್ಕೆ" ಎಂದು ದೊಡ್ಡಮ್ಮ. ಅತ್ತೆ ಸೊಸೆ ಇಬ್ಬರೂ ನಗುತ್ತಲೇ ಆಡುತ್ತಿದ್ದ ಜಗಳ ಅದು. ಇಬ್ಬರ ಮಾತಿನಲ್ಲೂ ಹುರುಳಿತ್ತು.

ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಅಜ್ಜಿಯ ಪಕ್ಷಕ್ಕೆ ಬಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಸುಮಾರು 4,000 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬದನೆ, ಬೆಂಡೆ, ಹರಿವೆ ಎಲ್ಲ ಕೊಳೆತು ಮಲಗುತ್ತವೆ. ಬಸಳೆಯ ಎಲೆಗೂ ಚುಕ್ಕಿ ಬಿದ್ದು ತೂತಾಗುತ್ತದೆ. ಬೇಸಗೆಯಲ್ಲಿ ಇದ್ದೂ ಇಲ್ಲದಂತಿದ್ದ ಕೆಸು ಮಾತ್ರ ಆಗಲೇ ಮೈದುಂಬುವುದು. ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಿಂದೆ ಎಷ್ಟೋ ಮನೆಗಳಲ್ಲಿ ಅಕ್ಕಿಯೂ ತಳ ಕಾಣುತ್ತಿತ್ತು. ಆಗ ಎಳೆಬಿದಿರಿನ ಕಣಿಲೆ, ತಜಂಕು ಸೊಪ್ಪು, ಹಲಸಿನ ಬೀಜದ ಜೊತೆ ಊರನ್ನು ದಾಟಿಸಿದ್ದು ಈ ಕೆಸು. ಅಜ್ಜಿ ಅಂಥ ಆಟಿಗಳನ್ನು ಕಂಡವರು. ಅವರ ಪಕ್ಷಪಾತಕ್ಕೆ ಅದೇ ಕಾರಣವಿರಬೇಕು.

ನಮಗಾದರೋ ಆಟಿ ಎಂದರೆ ಪತ್ರೊಡೆ. ಹಿಂದಿನ ರಾತ್ರಿಯೇ ಬೆಳ್ತಿಗೆ ಅಕ್ಕಿ ನೆನೆಹಾಕಿ ಆಗುತ್ತಿತ್ತು. ಬೆಳಿಗ್ಗೆ ಮಳೆಗೆ ಗೊರಬೆ ಹಾಕಿಕೊಂಡು ಹೋಗಿ ಎಲೆ ಕೊಯ್ದು ತರುವವರು ಅಜ್ಜಿಯೇ. ತೀರ ಎಳತೂ ಅಲ್ಲದ, ಬಲಿತೂ ಹೋಗದ ಎಲೆ, ಅದರಲ್ಲೂ ದಂಟು ಕಪ್ಪಗಿದ್ದರೆ ಅವರಿಗೆ ಸಮಾಧಾನ. ಎಲೆಯನ್ನು ಬೋರಲು ಹಾಕಿ, ಬೆನ್ನಿನ ದಪ್ಪ ನರವನ್ನು ಕತ್ತಿಯಿಂದ ಹೆರೆದು ತೆಗೆಯುತ್ತಿದ್ದರು. ದೊಡ್ಡಮ್ಮ ಕಡೆಯುವ ಕಲ್ಲಿನಲ್ಲಿ ಅಕ್ಕಿ, ಕೊತ್ತಂಬರಿ, ಜೀರಿಗೆ, ಒಣಮೆಣಸು, ತೆಂಗಿನತುರಿ, ಬೆಲ್ಲ, ಜೊತೆಗೆ ಕೈತುಂಬ ಹುಣಸೆಹುಳಿ ಹಾಕಿ ತರಿತರಿಯಾಗಿ ಕಡೆಯುತ್ತಿದ್ದರು. ಎಲೆಯ ಮೇಲೆ ಹಿಟ್ಟು, ಅದರ ಮೇಲೆ ತುದಿ ತಿರುಗಿಸಿ ಇನ್ನೊಂದು ಎಲೆ, ಮತ್ತೆ ಹಿಟ್ಟು. ಐದಾರು ಎಲೆಯಾದ ಮೇಲೆ ಎರಡೂ ಅಂಚು ಮಡಚಿ ಬಿಗಿಯಾಗಿ ಸುತ್ತಿ ಅಟ್ಟಿನಳಗೆಗೆ. ಒಂದು ಗಂಟೆಯಾದರೂ ಬೇಯಲೇಬೇಕು. ಅಷ್ಟರಲ್ಲಿ ಮಕ್ಕಳೆಲ್ಲ ಒಲೆಯ ಸುತ್ತ ಕೂತು ಮಳೆಯ ಚಳಿಯನ್ನೂ ಕಳೆದುಕೊಳ್ಳುತ್ತಿದ್ದೆವು. ತಣಿದ ಸುರುಳಿಯನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಕಾಯಿಸಿದಾಗ ಅಂಚು ಗರಿಗರಿಯಾಗುತ್ತಿತ್ತಲ್ಲ, ಆ ಅಂಚಿಗೇ ನಮ್ಮೊಳಗೆ ಕಿತ್ತಾಟ. 2021ರಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಹೊರತಂದ ಸಾಂಪ್ರದಾಯಿಕ ಅಡುಗೆಗಳ ಪುಸ್ತಕದಲ್ಲಿ ಪತ್ರೊಡೆಯೂ ಸೇರಿದೆ ಎಂದು ಓದಿದಾಗ ನಾವೆಲ್ಲ ಫೋನಿನಲ್ಲಿ ಸಂಭ್ರಮಿಸಿದೆವು. ಅಜ್ಜಿ ಇದ್ದಿದ್ದರೆ ದೊಡ್ಡಮ್ಮನ ಕಡೆ ಒಮ್ಮೆ ನೋಡುತ್ತಿದ್ದರು.

ದೊಡ್ಡಮ್ಮ ಹೇಳುತ್ತಿದ್ದ ತುರಿಕೆಯೂ ಸುಳ್ಳಲ್ಲ. ಕೆಸುವಿನ ಎಲೆ, ದಂಟು, ಗೆಡ್ಡೆಗಳಲ್ಲೆಲ್ಲ ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಸೂಜಿಗಳಿರುತ್ತವೆ. ಅವು ನಾಲಿಗೆಗೆ, ಗಂಟಲಿಗೆ ಚುಚ್ಚಿದಾಗಲೇ ತುರಿಕೆ. ಅದಕ್ಕೇ ಹುಳಿ ಧಾರಾಳ, ಬೇಯಿಸುವುದೂ ಧಾರಾಳ. ನೆರೆಮನೆಯ ಕೊಂಕಣಿ ಅಮ್ಮ ಎಲೆಯನ್ನು ಸುರುಳಿ ಸುತ್ತಿ ಗಂಟುಹಾಕಿ ಅಮಟೆಕಾಯಿ ಜೊತೆ ಆಳ್ವತಿ ಮಾಡುತ್ತಿದ್ದರು. ಅಲ್ಲೂ ಹುಳಿಯೇ ಯಜಮಾನ.

ಅಡುಗೆಮನೆಯ ಹೊರಗೂ ಕೆಸು ನಮ್ಮದಾಗಿತ್ತು. ಎಲೆಯ ಮೇಲೆ ಬಿದ್ದ ಮಳೆನೀರು ಪಾದರಸದ ಗುಂಡಿನಂತೆ ಓಡುವುದನ್ನು ಕೆಳಗೆ ಚೆಲ್ಲದೆ ಯಾರು ಹೆಚ್ಚು ಹೊತ್ತು ಆಡಿಸುತ್ತಾರೆ ಎಂದು ಪಂಥ. ಅಕ್ಕ ಒಮ್ಮೆಯೂ ಸೋತವಳಲ್ಲ. ತಾವರೆ ಎಲೆಗೆ ನೀರು, ಕೊಳೆ ಯಾಕೆ ಅಂಟುವುದಿಲ್ಲ ಎಂದು 1997ರಲ್ಲಿ ಜರ್ಮನಿಯ ಬಾರ್ತ್‌ಲಾಟ್ ಮತ್ತು ನೈನ್‌ಹುಯಿಸ್ ಎಂಬ ವಿಜ್ಞಾನಿಗಳು ವಿವರಿಸಿದಾಗ ಅವರು ಪರೀಕ್ಷಿಸಿದ ಎಲೆಗಳಲ್ಲಿ ಕೆಸುವೂ ಇತ್ತು. ಕಣ್ಣಿಗೆ ಕಾಣದ ಉಬ್ಬುಗಳು, ಅದರ ಮೇಲೆ ಮೇಣದ ಪುಡಿ. ನೀರು ಊರಲು ಜಾಗವೇ ಇಲ್ಲ.

ನವರಾತ್ರಿ ಕಳೆದು ಮಳೆ ಹಿಂದೆಸರಿದ ಮೇಲೆ ದೊಡ್ಡಮ್ಮನ ಕಾಲ ಬರುತ್ತಿತ್ತು. ದೊಡ್ಡಪ್ಪ ಅಡಿಕೆ ಮರದ ಸಲಾಕೆ ಸೀಳಿ ಹೊಸ ಚಪ್ಪರ ಕಟ್ಟಿಕೊಡುತ್ತಿದ್ದರು. ಎತ್ತರ ದೊಡ್ಡಮ್ಮನ ಎದೆಯವರೆಗೆ, ಕೈಗೆ ಸಿಗುವಷ್ಟೇ. ಹಳೆ ಬಳ್ಳಿಯ ಬಲಿತ ದಂಟನ್ನು ಗೇಣುದ್ದಕ್ಕೆ ಕತ್ತರಿಸಿ ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರುವುದು, ಬುಡಕ್ಕೆ ಸೆಗಣಿಗೊಬ್ಬರ, ಬಚ್ಚಲ ಒಲೆಯ ಬೂದಿ. ಬಾವಿಯಿಂದ ಸೇದಿದ ನೀರಿನಲ್ಲಿ ಬಟ್ಟೆ ಒಗೆಯುವಾಗ ಚೆಲ್ಲಿದ್ದೇ ಅದಕ್ಕೆ ಸಾಕಾಗುತ್ತಿತ್ತು. ಎರಡು ತಿಂಗಳೊಳಗೆ ಚಪ್ಪರ ಕಾಣದಷ್ಟು ಎಲೆ. ಕೊಯ್ದಷ್ಟೂ ಚಿಗುರು. ಎಪ್ರಿಲ್ ಮೇಯ ಸೆಕೆಯಲ್ಲಿ ನಾವೆಲ್ಲ ರಜೆಗೆ ಬಂದು ಮನೆ ತುಂಬಿದಾಗ ಅಷ್ಟು ಬಾಯಿಗೂ ಬಸಳೆಯೇ ಆಧಾರ.

ಬಸಳೆ ಹುಳಿಯಲ್ಲಿ ನಮಗೆ ಬೇಕಿದ್ದದ್ದು ಎಲೆಯಲ್ಲ, ದಂಟು. ದೊಡ್ಡಮ್ಮ ಮೆಟ್ಟುಕತ್ತಿಯಲ್ಲಿ ದಂಟನ್ನು ಬೆರಳುದ್ದ ಕೊಯ್ದು ಹಲಸಿನ ಬೀಜದ ಜೊತೆ ಮೊದಲು ಬೇಯಿಸಿ, ಎಲೆಯನ್ನು ಕೊನೆಗೆ ಹಾಕುತ್ತಿದ್ದರು. ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ದಂಟು ಚೀಪುವ ಸದ್ದಿಗೆ ಅಜ್ಜ ಕೂಡ ಗದರುತ್ತಿರಲಿಲ್ಲ. ನೆರೆಕರೆಯವರು ಕಟ್ಟುಕಟ್ಟಲೆ ಒಯ್ಯುತ್ತಿದ್ದರು. ಅವರ ಮನೆಗಳಲ್ಲಿ ಅದು ಸಿಗಡಿಯ ಜೊತೆ, ಮರುವಾಯಿ ಚಿಪ್ಪಿಯ ಜೊತೆ ಬೇಯುತ್ತಿತ್ತು. ಇನ್ನು ಬಸಳೆಯ ಹಣ್ಣು. ಕರಿನೇರಳೆ ಬಣ್ಣದ ಆ ಪುಟ್ಟ ಹಣ್ಣುಗಳನ್ನು ಗೆರಟೆಯಲ್ಲಿ ಜಜ್ಜಿ ರಸ ತೆಗೆದು, ಕಡ್ಡಿಯ ತುದಿ ಅದ್ದಿ ನಮ್ಮ ಹೆಸರು ಬರೆಯುತ್ತಿದ್ದೆವು. ಬಾವಿಕಟ್ಟೆಯ ಮೇಲೆ, ಅಂಗೈ ಮೇಲೆ, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು.

ಹಾಗಾದರೆ ಅಕ್ಕನಿಗೆ ಏನು ಹೇಳುವುದು? ಯೋಚಿಸಿದರೆ ಆ ಎರಡು ಗಿಡಗಳು ಜಗಳವಾಡಿದ್ದೇ ಇಲ್ಲ. ಮಳೆಯ ತಿಂಗಳುಗಳನ್ನು ಕೆಸು, ಬಿಸಿಲಿನ ತಿಂಗಳುಗಳನ್ನು ಬಸಳೆ ಹಂಚಿಕೊಂಡು ಇಡೀ ವರ್ಷ ನಮ್ಮ ಬಟ್ಟಲು ತುಂಬಿಸಿದವು. ಆದರೂ ಒಂದನ್ನೇ ನೆಡಬೇಕೆಂದರೆ ನಾನು ದೊಡ್ಡಮ್ಮನ ಪಕ್ಷ. ಬಸಳೆಗೆ ನೆಲ ಸ್ವಲ್ಪ, ಬಿಸಿಲು ಮತ್ತು ಏರಲು ಆಸರೆ ಬೇಕು. ನೆಲವಿಲ್ಲದವರಿಗೆ ತಾರಸಿಯ ಒಂದು ಹಳೆ ಬಕೆಟ್ಟೂ ಆದೀತು. ಡಿಸೆಂಬರಿನ ಚಳಿಯಲ್ಲಿ ಘಟ್ಟದ ಮೇಲೆ ಬೆಳವಣಿಗೆ ನಿಧಾನವಾಗುತ್ತದೆ, ಶಿವರಾತ್ರಿ ದಾಟಿದರೆ ಮತ್ತೆ ಓಡುತ್ತದೆ. ಕೆಸುವಿಗೆ ಬೇಕಾದದ್ದು ಸದಾ ಒದ್ದೆಯ ಮೂಲೆ. ನಲ್ಲಿಯ ಕೆಳಗೆ ಅಂಥ ಜಾಗವಿದ್ದರೆ ಅದನ್ನೂ ಬಿಡಬಾರದು. ಆದರೆ ಪೇಟೆಯ ಚರಂಡಿಯ ಬದಿಯಲ್ಲಿ ಬೆಳೆದ ಕೆಸು ಅಡುಗೆಗೆ ಬೇಡ, ನರ್ಸರಿಯ ಅಲಂಕಾರದ ಕೆಸುವಂತೂ ಬೇಡವೇ ಬೇಡ. ತಿಂದು ಗೊತ್ತಿರುವ ಮನೆಯಿಂದಲೇ ಗೆಡ್ಡೆ ತರಬೇಕು. ಕೆಸು, ಬಸಳೆ ಎರಡರಲ್ಲೂ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರು ವೈದ್ಯರನ್ನು ಕೇಳಿ ತಿನ್ನುವುದು ಒಳ್ಳೆಯದು.

ಬಸಳೆಯ ಬೀಜ ಈಗ ಅಂಗಡಿಯಲ್ಲೂ ಸಿಗುತ್ತದೆ. ನಮ್ಮೂರಲ್ಲಿ ಅದನ್ನು ದುಡ್ಡು ಕೊಟ್ಟು ತಂದವರನ್ನು ನಾನು ಕಂಡಿಲ್ಲ. ನಿಮ್ಮ ಬೀದಿಯಲ್ಲಿ ಯಾರದಾದರೂ ಕಾಂಪೌಂಡಿನ ಮೇಲೆ ಬಸಳೆ ಹಬ್ಬಿದ್ದರೆ ಸಂಕೋಚಪಡದೆ ಹೋಗಿ ಬಲಿತ ದಂಟು ಒಂದೆರಡು ಗೇಣು ಕೇಳಿ ತನ್ನಿ. ನಿಮ್ಮಲ್ಲಿ ಬೆಳೆದ ಮೇಲೆ ಕೇಳಿ ಬಂದವರಿಗೆ ನೀವೂ ಕೊಡಿ.