ಕೆಂಪು ಬೆಟ್ಟದ ಶುದ್ಧಿ

ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಸೀಮೆಯು ಕರಿಯ ಎರೆಭೂಮಿ. ಅಲ್ಲಿಂದ ಹೊರಟು ಬಳ್ಳಾರಿಯನ್ನು ದಾಟಿ ಪಶ್ಚಿಮಕ್ಕೆ ಸಂಡೂರಿನತ್ತ ಹೋದರೆ ಮಣ್ಣು ಕೆಂಪಾಗುತ್ತದೆ. ಆ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರುಂಟು. ಅದಿರನ್ನು ತೆಗೆಯುವವರು ಮೇಲಣ ನಿರುಪಯುಕ್ತವಾದ ಮಣ್ಣುಕಲ್ಲುಗಳನ್ನು ಎಲ್ಲಿಯಾದರೂ ಹಾಕಲೇಬೇಕು. ಆದರೆ ಕೆಲವರು ತಮ್ಮ ಗುತ್ತಿಗೆಯ ಎಲ್ಲೆಯನ್ನು ಮೀರಿ, ಸರಕಾರದ ಅರಣ್ಯಭೂಮಿಯಲ್ಲಿ ಸುರಿದರು. ಮನೆಯ ಕಸವನ್ನು ಗುಡಿಸಿ ನೆರೆಯವರ ಅಂಗಳಕ್ಕೆ ತಳ್ಳಿದಂತಾಯಿತು. ಮಳೆಗೆ ಆ ರಾಶಿಯು ಕರಗಿ ಹಳ್ಳಕ್ಕಿಳಿದರೆ ಕೆರೆಯಲ್ಲಿ ಹೂಳು, ಹೊಲದಲ್ಲಿ ಕೆಸರು.

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್ 18ರ ತೀರ್ಪಿನಂತೆ, ಗುತ್ತಿಗೆಯ ವಿಸ್ತೀರ್ಣದ ಶೇಕಡಾ 15ಕ್ಕೂ ಮಿಕ್ಕ ನೆಲವನ್ನು ಹೊರಗಡೆ ರಾಶಿಯಿಂದ ಮುಚ್ಚಿದವರ ಗುತ್ತಿಗೆಗಳು ರದ್ದಾದವು. ಅದಕ್ಕೆ ಕಡಿಮೆ ಮುಚ್ಚಿದವರು ಅಂಥ ನೆಲಕ್ಕೆ ಹೆಕ್ಟೇರಿಗೆ 1 ಕೋಟಿ ರೂಪಾಯಿಯಂತೆ ಪರಿಹಾರ ತೆತ್ತು, ಭೂಮಿಯನ್ನು ಸರಿಪಡಿಸುವ ಹೊಣೆಯನ್ನೂ ಹೊರಬೇಕಾಯಿತು.

ಸರಿಪಡಿಸುವುದೆಂದರೆ ರಾಶಿಯನ್ನೆತ್ತಿ ಮತ್ತೊಂದೆಡೆ ಹಾಕುವುದಲ್ಲ. ಬುಡಕ್ಕೆ ಕಲ್ಲಿನ ತಡೆಗೋಡೆ, ಇಳಿಜಾರಿಗೆ ಮೆಟ್ಟಿಲು, ಕೊರಕಲಿಗೆ ಒಡ್ಡು, ಮೇಲೆ ತೆಂಗಿನ ನಾರಿನ ಹೊದಿಕೆ, ಅದರ ನಡುವೆ ಹುಲ್ಲುಗಿಡಗಳು. ಸುರಿಯುವುದಕ್ಕೆ ಒಂದು ದಿವಸ ಸಾಕು. ಬೇರು ಮಣ್ಣನ್ನು ಹಿಡಿಯುವುದಕ್ಕೆ ಹಲವು ಮಳೆಗಾಲಗಳು ಬೇಕು. ಆದಕಾರಣ ಹಣವು ಸಂದಾಯವಾದ ಮಾತ್ರಕ್ಕೆ ಕಾರ್ಯವು ಮುಗಿಯಿತೆಂದು ತಿಳಿಯಲಾಗದು. ಪ್ರತಿ ಮಳೆಯ ತರುವಾಯವೂ ಹಳ್ಳದ ನೀರು ತಿಳಿಯಾಗಿದೆಯೋ ಕೆಂಪಾಗಿದೆಯೋ ಎಂಬುದನ್ನು ನೋಡತಕ್ಕದ್ದು.