ಎಷ್ಟು ಎಲೆ ಬೀಳುತ್ತೆ ಸಾರ್?

ಬಿಡುವು ಸಿಕ್ಕರೆ ಕೆಲವರು ಪದಬಂಧ ತುಂಬುತ್ತಾರೆ, ಕೆಲವರು ರೈಲ್ವೆ ವೇಳಾಪಟ್ಟಿ ಓದುತ್ತಾ ಕೂರುತ್ತಾರೆ. ನಾನು ವಿಕಿಮೇನಿಯಾವನ್ನು ಮೈಸೂರಿಗೆ ಕರೆಸುವ ಬಿಡ್ ಬರೆಯುತ್ತೇನೆ. ಬರೆಯಿರಿ ಎಂದು ಯಾರೂ ಹೇಳಿಲ್ಲ. ಬರೆದದ್ದನ್ನು ಎಲ್ಲಿಗೂ ಕಳಿಸಿಲ್ಲ. ಆದರೂ ಅದರಲ್ಲಿ ಕೊಠಡಿಗಳ ಲೆಕ್ಕವಿದೆ, ಬಸ್ಸುಗಳ ಹೊತ್ತಿದೆ, ಅತಿಥಿಗಳ ಛತ್ರಿಗೊಂದು ಜಾಗವೂ ಇದೆ.

ಸಂಬಳವಿಲ್ಲದೆ ವಿಕಿಪೀಡಿಯಕ್ಕೆ ಬರೆಯುವ ನಾನಾ ದೇಶದ ಮಂದಿ ವರ್ಷಕ್ಕೊಮ್ಮೆ ಮುಖ ನೋಡಿಕೊಳ್ಳುವ ಸಮ್ಮೇಳನವೇ ವಿಕಿಮೇನಿಯಾ. 2005ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಶುರುವಾಗಿ ತೈಪೆ, ಬ್ಯೂನಸ್ ಐರಿಸ್, ಕೇಪ್ ಟೌನ್, ಸಿಂಗಪುರ ಸುತ್ತಿ 2025ರಲ್ಲಿ ನೈರೋಬಿಗೆ ಹೋಯಿತು. ನಮ್ಮ ದೇಶಕ್ಕೆ ಇನ್ನೂ ಬಂದಿಲ್ಲ. ದೇಶದೊಳಗಿನ ವಿಕಿ ಸಮ್ಮೇಳನಗಳೇನೋ ಮುಂಬಯಿ, ಚಂಡೀಗಢ, ಹೈದರಾಬಾದುಗಳಲ್ಲಿ ಆಗಿವೆ. ಸುಮಾರು ಮೊದಲ ಹತ್ತು ವರ್ಷ ಆತಿಥ್ಯಕ್ಕಾಗಿ ಊರೂರುಗಳ ನಡುವೆ ಪೈಪೋಟಿ ಇರುತ್ತಿತ್ತು. ಸ್ಥಳೀಯ ಸ್ವಯಂಸೇವಕರು ತಮ್ಮ ಊರಿನ ಪರವಾಗಿ ಎಲ್ಲರಿಗೂ ಕಾಣುವಂತೆ ಬಿಡ್ ಬರೆಯಬೇಕಿತ್ತು. ಸಭಾಂಗಣ ಎಷ್ಟು ದೊಡ್ಡದು, ವಿಮಾನ ನಿಲ್ದಾಣ ಎಷ್ಟು ದೂರ, ವೀಸಾ ಸಿಗುತ್ತದೆಯೇ, ದುಡ್ಡು ಎಲ್ಲಿಂದ ಎಂದು ತೀರ್ಪುಗಾರರೂ ದಾರಿಹೋಕರೂ ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಆ ಹಳೆಯ ಬಿಡ್‌ಗಳನ್ನು ಓದುವುದೆಂದರೆ ನನಗೆ ಕಾದಂಬರಿ ಓದಿದಷ್ಟೇ ಸುಖ. ಸೋತವಂತೂ ಇನ್ನೂ ಚೆನ್ನ. ಅಲೆಕ್ಸಾಂಡ್ರಿಯ 2007ರ ಸಮ್ಮೇಳನಕ್ಕೆ ಕೈಚಾಚಿ ತೈಪೆಗೆ ಸೋತಿತು. ಮುಖ ಸಪ್ಪಗೆ ಮಾಡಿಕೊಳ್ಳದೆ ಮತ್ತೆ ಕೇಳಿತು. 2008ರಲ್ಲಿ ಅಲ್ಲಿನ ಭವ್ಯ ಗ್ರಂಥಾಲಯದಲ್ಲೇ ಸಮ್ಮೇಳನ ನಡೆಯಿತು.

ನನ್ನ ಅಚ್ಚುಮೆಚ್ಚಿನದು ಮಾತ್ರ ಏಸಿನೊ ಲಾರಿಯೊ. ಇಟಲಿಯ ಕೋಮೊ ಸರೋವರದ ಮೇಲಿನ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಹಳ್ಳಿ. ಜನಸಂಖ್ಯೆ ಸಾವಿರವನ್ನೂ ಮುಟ್ಟದು. ರೈಲು ಬೆಟ್ಟದ ಬುಡದ ವರೆನ್ನಾದಲ್ಲೇ ನಿಲ್ಲುತ್ತದೆ, ಮುಂದೆ ತಿರುವು ರಸ್ತೆ. ಹಿಂದಿನ ಬಿಡ್‌ಗಳು ಹೆಚ್ಚಾಗಿ ಒಂದು ವಿಶ್ವವಿದ್ಯಾಲಯವನ್ನೋ ಗ್ರಂಥಾಲಯವನ್ನೋ ಸಭಾಭವನವನ್ನೋ ತೋರಿಸಿದ್ದರೆ ಇವರು ಇಡೀ ಊರನ್ನೇ ಸಭಾಂಗಣವೆಂದು ತೋರಿಸಿದರು. ಶಾಲೆಯಲ್ಲೊಂದು ಗೋಷ್ಠಿ, ವ್ಯಾಯಾಮಶಾಲೆಯಲ್ಲೊಂದು, ಚಿತ್ರಮಂದಿರದಲ್ಲೊಂದು. ಅತಿಥಿಗಳಿಗೆ ಊರವರ ಮನೆಗಳಲ್ಲೂ ಹಾಸಿಗೆ. ಎದುರಾಳಿ ಯಾರು? ಫಿಲಿಪ್ಪೀನ್ಸಿನ ಮಹಾನಗರ ಮನಿಲಾ. ಗೆದ್ದದ್ದು ಹಳ್ಳಿ. 2016ರ ಜೂನಿನಲ್ಲಿ ಅಲ್ಲಿಗೆ ಸಾವಿರಕ್ಕೂ ಹೆಚ್ಚು ಜನ ಹತ್ತಿದರು. ಊರಿನ ಕೊರತೆಯನ್ನು ಮುಚ್ಚಿಡದೆ ಅದನ್ನೇ ಮುಂದಿಟ್ಟು ಕರೆಯಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಆ ಬಿಡ್. ಅದಾದ ಮೇಲೆ ಹಳೆಯ ರೀತಿಯ ಪೈಪೋಟಿಯನ್ನು ಕೈಬಿಟ್ಟರು. ನನ್ನ ಮಟ್ಟಿಗೆ ಅದೊಂದು ನಷ್ಟವೇ. ಆದರೆ ಸೋತವರ ತಿಂಗಳುಗಟ್ಟಲೆ ದುಡಿಮೆ ನೀರುಪಾಲಾಗುತ್ತಿತ್ತು ಎಂಬುದೂ ಸುಳ್ಳಲ್ಲ.

ಮೈಸೂರಿಗೆ ಬರೋಣ. ಊರು ನನಗೆ ಗೊತ್ತು ಎಂದುಕೊಂಡವನಿಗೆ ಟೇಪು ಹಿಡಿದು ಹೊರಟಾಗಲೇ ಅದು ಕಾಣತೊಡಗುವುದು. ಗಾಲಿಕುರ್ಚಿಯ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಂದರೆ 3 ಅಡಿಯ ವೇದಿಕೆಗೆ 36 ಅಡಿ. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಯಾವ ಕಟ್ಟಡವನ್ನೂ ಮೊದಲಿನಂತೆ ನೋಡಲಾಗುತ್ತಿಲ್ಲ. ಮದುವೆಗೆ ಹೋದರೂ ಕಣ್ಣು ವಧೂವರರ ಮೇಲೆ ನಿಲ್ಲದೆ ಮೆಟ್ಟಿಲ ಮೇಲೆ ನಿಲ್ಲುತ್ತದೆ. ಹೀಗೊಂದು ಚೌಟ್ರಿಯಲ್ಲಿ ಅಳೆಯುತ್ತಿದ್ದಾಗ ಮ್ಯಾನೇಜರು ಬಂದರು.

“ಮದುವೆ ಯಾವಾಗ ಸಾರ್? ಎಷ್ಟು ಎಲೆ ಬೀಳುತ್ತೆ?”

“ಮದುವೆ ಅಲ್ಲ, ಸಮ್ಮೇಳನ. ಹೊರದೇಶದವರು ಬರ್ತಾರೆ.”

“ಆಗಲಿ ಸಾರ್, ಅವರೂ ಊಟ ಮಾಡ್ತಾರಲ್ಲ. ಎಷ್ಟು ಎಲೆ?”

ನಾನು ಓದಿದ ಬಿಡ್‌ಗಳಲ್ಲಿ ಇಷ್ಟು ನೇರವಾದ ಪ್ರಶ್ನೆ ಇನ್ನೊಂದಿಲ್ಲ. ಬಾಡಿಗೆ, ಕಾಫಿ, ಶೌಚಾಲಯ, ಬಸ್ಸು ಎಲ್ಲವೂ ಆ ಒಂದು ಸಂಖ್ಯೆಗೆ ಜೋತುಬಿದ್ದಿವೆ. ಹೋಟೆಲಿನವರೊಂದಿಗೆ ಕೊಠಡಿ ಬ್ಲಾಕ್ ಮಾಡುವಾಗಲೂ ಅದೇ ಪೀಕಲಾಟ. ಹೆಚ್ಚು ಹಿಡಿದರೆ ಖಾಲಿ ಉಳಿದದ್ದಕ್ಕೂ ನಾವೇ ದುಡ್ಡು ತೆರಬೇಕಾದೀತು, ಕಡಿಮೆ ಹಿಡಿದರೆ ಕೊನೆಗೆ ಬಂದವನು ಎಲ್ಲಿ ಮಲಗಬೇಕು?

ಊಟದ ಅಧ್ಯಾಯವೆಂದರೆ ನನಗೆ ವಿಪರೀತ ಪ್ರೀತಿ. ಮಾಂಸ ತಿನ್ನದವರು, ಹಾಲು ತುಪ್ಪವನ್ನೂ ಮುಟ್ಟದ ವೀಗನ್‌ಗಳು, ಹಲಾಲ್ ಕೇಳುವವರು, ಈರುಳ್ಳಿ ಬೆಳ್ಳುಳ್ಳಿ ಒಲ್ಲದ ಜೈನರು, ಗೋಧಿಯ ಗ್ಲುಟೆನ್ ಆಗದವರು. ಯೂರೋಪಿನ ಸಂಘಟಕರು ಈ ಪಟ್ಟಿ ಕಂಡು ಬೆವರುವ ಜಾಗದಲ್ಲಿ ನಾನು ಮೀಸೆ ತಿರುವುತ್ತೇನೆ. ಇಡ್ಲಿಗೆ ಅಕ್ಕಿ, ಉದ್ದು, ಉಪ್ಪು. ಈ ಪಟ್ಟಿಯಲ್ಲಿ ಅದನ್ನು ಬೇಡ ಎನ್ನುವವರಾರು? ಹೀಗೆಂದು ಪರಿಚಯದ ಅಡುಗೆ ಭಟ್ಟರ ಮುಂದೆ ಜಂಬ ಕೊಚ್ಚಿದೆ. ಅವರು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, “ಸಾಂಬಾರಿಗೆ ಇಂಗು ಹಾಕ್ತೀವಲ್ಲ, ಅಂಗಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆಸಿರ್ತಾರೆ, ನೋಡ್ಕೊಳ್ಳಿ” ಎಂದರು. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದೆ. ಹೌದು, ಹಾಗೆಂದೇ ಅಚ್ಚು ಹಾಕಿತ್ತು. ಹಾಗಾದರೆ ಇಂಗಿಲ್ಲದೆ ಮಾಡಿ ಎಂದದ್ದಕ್ಕೆ ಭಟ್ಟರು ಕೆರಳಿದರು. “ಇಂಗಿಲ್ಲದ ಸಾರಿಗೆ ನನ್ನನ್ಯಾಕೆ ಕರೀತೀರಿ?” ಕೊನೆಗೆ ಅಕ್ಕಿಹಿಟ್ಟು ಬೆರೆಸಿದ ಇಂಗಿಗೆ ಇಬ್ಬರೂ ಒಪ್ಪಿದೆವು. ನನ್ನ ಕರಡಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲೇ ಇದೆ.

ಕಾಗದಪತ್ರದ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ನನಗೇ ನಿದ್ದೆ ತರಿಸುತ್ತದೆ. ವಿದೇಶಿಯರು ಬರುವ ಸಮ್ಮೇಳನಕ್ಕೆ ಗೃಹ ಸಚಿವಾಲಯದ ಒಪ್ಪಿಗೆ ಬೇಕು, ವಿದೇಶಾಂಗ ಸಚಿವಾಲಯದ್ದೂ ಬೇಕು. ಅತಿಥಿಗಳಿಗೆ ಕಾನ್ಫರೆನ್ಸ್ ವೀಸಾ. ಸಂಘಸಂಸ್ಥೆಗೆ ಹೊರಗಿನ ದೇಣಿಗೆ ಬರುವುದಾದರೆ ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ನೋಂದಣಿ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ನಿದ್ದೆ ಬಂದರೂ ಇದನ್ನು ಬಿಡುವಂತಿಲ್ಲ: ಹೊರದೇಶದ ವಿಕಿಮೇನಿಯಾಕ್ಕೆ ಹೋಗಲು ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿ ಹಿಡಿದು ವೀಸಾ ಕಚೇರಿಯ ಸಾಲಿನಲ್ಲಿ ನಿಂತ ಭಾರತೀಯ ಸ್ವಯಂಸೇವಕರಿಗೆ ಆಹ್ವಾನಪತ್ರ ತಡವಾದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕರಡಿನಲ್ಲಿ ಆಹ್ವಾನಪತ್ರದ ಕೆಲಸಕ್ಕೇ ಇಬ್ಬರನ್ನು ಬಿಟ್ಟಿದ್ದೇನೆ.

ಉಳಿದದ್ದು ತಂಡ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅದನ್ನು ಸಾಕುತ್ತಿರುವವರೆಲ್ಲ ಬೇರೆ ಕಸುಬಿನವರು: ಮೇಷ್ಟ್ರು, ಎಂಜಿನಿಯರು, ವಿದ್ಯಾರ್ಥಿ, ನಿವೃತ್ತರು. ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಸಿಕ್ಕವರ ಮುಂದೆ ನಾನು ಕರಡು ಬಿಚ್ಚುತ್ತೇನೆ. ಬೆಂಗಳೂರು ವಿಮಾನ ನಿಲ್ದಾಣದಿಂದ ಮೈಸೂರಿಗೆ ನೇರ ಫ್ಲೈಬಸ್ ಇದೆ, ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಮರದ ನೆರಳಿದೆ, ಆಗಸ್ಟಿನಲ್ಲಿ ಹವೆ ತಂಪು, ದಸರೆಗೆ ಮುಂಚೆಯಾದ್ದರಿಂದ ಕೊಠಡಿಯೂ ಸಿಗುತ್ತದೆ. ಎಲ್ಲರೂ ತಲೆದೂಗುತ್ತಾರೆ, ಮಂಗಳೂರಿನ ಗೆಳೆಯರೊಬ್ಬರನ್ನು ಬಿಟ್ಟು.

“ನಿಮ್ಮಲ್ಲಿ ಏರ್‌ಪೋರ್ಟ್‌ನಿಂದ ಗಂಟೆಗಟ್ಟಲೆ ಬಸ್ಸು. ನಮ್ಮಲ್ಲಿ ಅಂತರರಾಷ್ಟ್ರೀಯ ವಿಮಾನ ಬಜ್ಪೆಗೇ ಬರ್ತದೆ.”

“ಆಗಸ್ಟ್ ಅಂದ್ರೆ ನಿಮ್ಮ ಮಳೆ ಗೊತ್ತಲ್ಲ ಸಾರ್.”

“ಮಳೆ ಉಂಟು. ಅದನ್ನು ಬಿಡ್‌ನಲ್ಲಿ ಮೊದಲನೇ ಸಾಲಿಗೇ ಹಾಕುವ ಮಾರಾಯ್ರೆ, ನಿಮ್ಮ ಆ ಇಟಲಿ ಹಳ್ಳಿಯವರು ಬೆಟ್ಟ ಹಾಕಲಿಲ್ವಾ?”

ಉತ್ತರ ಹೊಳೆಯಲಿಲ್ಲ. ಈಗ ಮಂಗಳೂರಿನದೊಂದು ಕರಡು ಬೇರೆಯೇ ಶುರುವಾಗಿದೆ. ಛತ್ರಿಯ ಜಾಗ ಮಾತ್ರ ಸಾಲದು, ಚಪ್ಪಲಿ ಒಣಗಿಸಲೂ ಒಂದು ಕೋಣೆ ಬೇಕು ಎನ್ನುತ್ತಿದ್ದಾರೆ ಅವರು.