ಅರಿವೆಯ ಅರಿವು

ಅನ್ನ, ಅರಿವೆ, ಆಶ್ರಯ ಎಂದು ಬಾಳಿನ ಮೂಲ ಅಗತ್ಯಗಳನ್ನು ಲೋಕವು ಎಣಿಸುತ್ತದೆ. ಮಠಗಳ ದಾಸೋಹ ಪರಂಪರೆಯಲ್ಲಿ ಈ ಎಣಿಕೆಯೇ ಅನ್ನ, ಅರಿವು, ಆಶ್ರಯ ಎಂದಾಗಿದೆ. ಅರಿವೆಯ ಸ್ಥಾನದಲ್ಲಿ ಅರಿವು ಬಂದು ಕುಳಿತದ್ದು ಒಂದೇ ಸ್ವರದ ವ್ಯತ್ಯಾಸದಿಂದ. ಆದರೆ ಅರಿವೆಯನ್ನು ಹೊರಗಿಟ್ಟು ಅರಿವು ಒಳಗೆ ಬರಲಾರದೆಂಬುದನ್ನು ಮಳೆಗಾಲದ ಒಂದು ಮುಂಜಾವಿನಲ್ಲಿ ಯಾವುದೇ ಶಾಲೆಯ ಬಾಗಿಲಲ್ಲಿ ನಿಂತವರು ಬಲ್ಲರು. ಹಸಿ ಅಂಗಿ ತೊಟ್ಟು ನಡುಗುತ್ತ ಕುಳಿತ ಬಾಲಕನ ತಲೆಗೆ ಗಣಿತವೂ ಹತ್ತದು, ವ್ಯಾಕರಣವೂ ಹತ್ತದು. ಅರಿವಿಗೆ ಅರಿವೆ ಬೇಕು. ಅರಿವೆಗೂ ಒಂದು ಅರಿವು ಬೇಕು. ಯಾವ ಹೊತ್ತಿಗೆ ಯಾವುದನ್ನು ತೊಡಬೇಕು, ಯಾವುದನ್ನು ಎಲ್ಲಿ ಇಟ್ಟಿರಬೇಕು ಎಂಬ ಈ ಎರಡನೆಯ ಅರಿವು ಪಾಠಪಟ್ಟಿಯಲ್ಲಿ ಸೇರಿದ್ದಲ್ಲ.

ಇದನ್ನು ಕಲಿಸುವುದಕ್ಕೆ ಧಾರವಾಡದ ಹವೆಗಿಂತ ಕಠಿಣ ಗುರು ದೊರೆಯುವುದು ವಿರಳ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರು ಮಲೆನಾಡಿನ ಸೆರಗನ್ನೂ ಬಯಲುಸೀಮೆಯ ಅಂಚನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದೆ. ಪಡುವಣಕ್ಕೆ ಹೊರಟರೆ ಅಳ್ನಾವರ, ಹಳಿಯಾಳ, ದಾಂಡೇಲಿಗಳ ಕಾಡು. ಮೂಡಣಕ್ಕೆ ಹೊರಟರೆ ನವಲಗುಂದ, ಅಣ್ಣಿಗೇರಿಗಳ ಎರೆನೆಲ. ಅರಬ್ಬೀ ಸಮುದ್ರದಿಂದ ನೀರು ಹೊತ್ತು ಬರುವ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ತಣಿದು ತನ್ನ ಭಾರದ ಬಹುಪಾಲನ್ನು ಅಲ್ಲಿಯೇ ಇಳಿಸುತ್ತದೆ. ಮೂಡಣಕ್ಕೆ ಇಳಿದಂತೆ ಒಣಗುತ್ತ ಹೋಗುತ್ತದೆ. ಅದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿದ ಮಳೆ, ವಿಜಯಪುರದಲ್ಲಿ ಸುಮಾರು 600 ಮಾತ್ರ. ಈ ಎರಡರ ನಡುವಣ ಹೊಸ್ತಿಲಲ್ಲಿ ಧಾರವಾಡ ನಿಂತಿದೆ. ಹೊಸ್ತಿಲಲ್ಲಿ ನಿಂತವರಿಗೆ ಒಳಗಿನ ತಂಪೂ ತಾಗುತ್ತದೆ, ಹೊರಗಿನ ಬಿಸಿಲೂ ತಾಗುತ್ತದೆ. ಭೂಗೋಳದ ಪುಸ್ತಕ ಇದನ್ನು ಅರೆಮಲೆನಾಡು ಎನ್ನುತ್ತದೆ. ಬಟ್ಟೆ ಒಗೆದು ಹರವುವ ತಾಯಂದಿರು ಏನೆನ್ನುತ್ತಾರೆಂಬುದು ಅಚ್ಚಿಗೆ ಯೋಗ್ಯವಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ನೆಲ ಕಾದ ಹಂಚಿನಂತಿರುತ್ತದೆ. ಕಾದ ಗಾಳಿ ಮೇಲೇರಿ, ಸಂಜೆಯ ವೇಳೆಗೆ ಮೋಡಗಟ್ಟಿ, ಗುಡುಗು ಸಿಡಿಲಿನೊಡನೆ ಅಡ್ಡಮಳೆ ಸುರಿಯುತ್ತದೆ. ಒಮ್ಮೊಮ್ಮೆ ಆಣೆಕಲ್ಲೂ ಬೀಳುತ್ತದೆ. ತೆಳು ಮಲಮಲಿನ ಅಂಗಿಯಲ್ಲಿ ಬೆವರಿದವನೇ ಒಂದು ತಾಸಿನೊಳಗೆ ಹೊದೆಯಲು ಏನಾದರೂ ಸಿಕ್ಕೀತೆಂದು ಹುಡುಕುತ್ತಾನೆ. ಜೂನ್ ಮೊದಲ ವಾರ ಕಳೆದು ಮೃಗಶಿರ ಕೂಡಿತೆಂದರೆ ಮಳೆಗಾಲ. ಆರಿದ್ರಾ, ಪುನರ್ವಸು, ಪುಷ್ಯಗಳಲ್ಲಿ ಜಿಟಿಜಿಟಿ ಹನಿ ಬಿಡದೆ ಹಿಡಿಯುತ್ತದೆ. ಬಳಿಕ ನಡುವೆ ನಾಲ್ಕು ದಿನ ಬಿಸಿಲು, ಮತ್ತೆ ಎಂಟು ದಿನ ಮೋಡ. ಹಸ್ತ, ಚಿತ್ತಾ, ಸ್ವಾತಿಗಳಲ್ಲಿ ಹಿಂಗಾರು. ಡಿಸೆಂಬರ್, ಜನವರಿಯಲ್ಲಿ ಬೆಳಗು ಕೊರೆಯುವ ಚಳಿ, ಮಧ್ಯಾಹ್ನ ಮೈ ಸುಡುವ ಬಿಸಿಲು. ಶ್ರಾವಣವನ್ನು ಹಾಡಿ ಹೊಗಳಿದ ದ. ರಾ. ಬೇಂದ್ರೆಯವರು ಬಾಳಿದ್ದು ಇದೇ ಊರಿನ ಸಾಧನಕೇರಿಯಲ್ಲಿ. ಕವಿಗೆ ಶ್ರಾವಣ ಬಂದರೆ ಹಬ್ಬ. ಹಗ್ಗದ ಮೇಲಿನ ಅರಿವೆ ಆರದ ಮನೆಗೆ ಅದೊಂದು ಪರೀಕ್ಷೆ.

ಈ ಪರೀಕ್ಷೆ ಎಲ್ಲರಿಗೂ ಸಮನಾದುದಲ್ಲ. ಬಯಲುಸೀಮೆಯ ಹಳ್ಳಿಯಿಂದ ಓದಲೆಂದು ಬಂದ ಹುಡುಗನ ತಗಡಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಜೊತೆ ಸಮವಸ್ತ್ರ, ಹಬ್ಬಕ್ಕೊಂದು ಅಂಗಿ, ಒಂದು ಟವೆಲು, ಅವ್ವ ಹೊಲಿದ ಒಂದು ಕೌದಿ ಇರುತ್ತವೆ. ಎರೆನೆಲದ ಊರಿಗೆ ಅಷ್ಟು ಸಾಕು. ಅಲ್ಲಿ ಒಗೆದದ್ದು ಸಂಜೆಯೊಳಗೆ ಆರುತ್ತದೆ. ಧಾರವಾಡದ ಜುಲೈಯಲ್ಲಿ ದಪ್ಪ ಹತ್ತಿಯ ಚಡ್ಡಿಯು ಒಳಗಿನ ಹಗ್ಗದ ಮೇಲೆ ಎರಡು ದಿನವಾದರೂ ಪೂರ್ತಿ ಆರದು. ಸೋಮವಾರ ತೊಟ್ಟದ್ದು ಸಂಜೆ ತೊಯ್ದು ಹಗ್ಗ ಸೇರಿತು. ಮಂಗಳವಾರ ತೊಟ್ಟದ್ದೂ ತೊಯ್ದು ಅದರ ಪಕ್ಕಕ್ಕೆ ಬಂತು. ಬುಧವಾರ ಮುಂಜಾನೆ ಕೈಗೆ ಸಿಗುವುದು ಸೋಮವಾರದ ಹಸಿ ಚಡ್ಡಿಯೇ. ಹುಡುಗ ಅದನ್ನೇ ತೊಟ್ಟು ಬರುತ್ತಾನೆ, ಇಲ್ಲವೆ ಹೊಟ್ಟೆನೋವೆಂದು ಹೇಳಿ ಕೋಣೆಯಲ್ಲಿ ಉಳಿಯುತ್ತಾನೆ. ಹಾಜರಿ ಪುಸ್ತಕದಲ್ಲಿ ಅದು ಗೈರುಹಾಜರಿ ಎಂದು ದಾಖಲಾಗುತ್ತದೆ. ಮೂರನೆಯ ಜೊತೆ ಇರಲಿಲ್ಲವೆಂದು ದಾಖಲಾಗುವುದಿಲ್ಲ. ಬಡತನವನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಇಲ್ಲದ ರೋಗವನ್ನು ಹೇಳುವುದು ಎಳೆಯ ಮನಸ್ಸಿಗೆ ಸುಲಭ.

ಅನುಭವಿ ಗೃಹಿಣಿಯ ಕಪಾಟು ಇಂಥ ಹವೆಯನ್ನು ಎದುರಿಸುವ ಬಗೆಯನ್ನು ನೋಡಿ ಕಲಿಯಬೇಕು. ಅಲ್ಲಿ ಅರಿವೆಗಳು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಗಂಟುಗಳಾಗಿ ಬೇರೆಯಾಗಿರುವುದಿಲ್ಲ. ಒಂದೇ ದಿನದಲ್ಲಿ ಮೂರೂ ಕಾಲಗಳು ಬಂದುಹೋಗುವ ಊರಿನಲ್ಲಿ ಅಟ್ಟದ ಮೇಲಿನ ಗಂಟು ಇದ್ದೂ ಇಲ್ಲದಂತೆ. ಕೈಗೆಟಕುವ ನಡುವಿನ ಹಲಗೆಯ ಮೇಲೆ ದಿನವೂ ಬೇಕಾದ ತೆಳು ಹತ್ತಿಯವು; ಅವುಗಳ ಪಕ್ಕದಲ್ಲಿಯೇ ಮೇಲೆ ತೊಡುವ ಒಂದೊಂದು ಉಣ್ಣೆಯ ಅರಿವೆ; ಬಾಗಿಲ ಬಳಿಯ ಗೂಟಕ್ಕೆ ಕೊಡೆ ಮತ್ತು ಒಂದು ಒಣ ಟವೆಲು. ಮದುವೆ ಮುಂಜಿಗಳ ಇಳಕಲ್ ಸೀರೆ, ಜರಿಯ ಧೋತರಗಳು ಮಾತ್ರ ಮೇಲಿನ ಹಲಗೆಗೆ. ಪ್ರತಿಯೊಬ್ಬರ ಪಾಲಿಗೂ ಒಂದು ಒಣ ಜೊತೆಯನ್ನು ಮುಟ್ಟದೆ ಕಾದಿರಿಸುವುದು ಆಕೆಯ ನೇಮ. ಬಿತ್ತನೆಯ ಬೀಜವನ್ನು ರೈತ ಹಸಿವಾದರೂ ಮುಟ್ಟದಂತೆ. ಮಳೆ ಬಿಡುವು ಕೊಟ್ಟ ದಿನ ಮೊದಲು ಅಂಗಳಕ್ಕೆ ಬರುವುದು ಕಪಾಟಿನ ಅರಿವೆಗಳೇ. ತೇವ ಉಳಿದದ್ದನ್ನು ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಉಣ್ಣೆಯ ನಡುವೆ ಒಣಗಿಸಿದ ಬೇವಿನೆಲೆಯನ್ನೋ ಲಕ್ಕಿಸೊಪ್ಪನ್ನೋ ಇಟ್ಟು ಹುಳ ತಡೆಯುವುದು ಹಿರಿಯರ ರೂಢಿ.

ಈ ರೂಢಿಗಳ ಹಿಂದೆ ವಿಜ್ಞಾನವಿದೆ. ಮೈಯನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ಆದುದರಿಂದ ಒಂದು ದಪ್ಪ ಅಂಗಿಗಿಂತ ಎರಡು ತೆಳುವಾದವು ಮೇಲು. ಬಿಸಿಲೇರಿದಾಗ ಒಂದನ್ನು ಕಳಚಲೂ ಬರುತ್ತದೆ. ಹತ್ತಿ ನೆನೆದರೆ ಮೈಗಂಟಿಕೊಂಡು, ಗಾಳಿಗೆ ಎಡೆಯಿಲ್ಲದಂತಾಗಿ, ಶಾಖವನ್ನು ಹೀರಿಬಿಡುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗಿಟ್ಟುಕೊಂಡೂ ಮೈಗೆ ಹಸಿಯೆನಿಸದು. ತೇವ ಹೀರುವಾಗ ತುಸು ಶಾಖವನ್ನೂ ಹೊರಬಿಡುತ್ತದೆ. ದಖ್ಖನಿ ಕುರಿಯ ಒರಟು ಕರಿಯುಣ್ಣೆಯಿಂದ ಕುರುಬರು ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟು ಗಟ್ಟಿಮಾಡಿದ ಕಂಬಳಿ ಈ ನಾಡಿನ ಹವೆಗೆ ಹೇಳಿ ಮಾಡಿಸಿದ ಉಡುಪು. ಮಳೆಯಲ್ಲಿ ಅದು ಕೊಪ್ಪೆ, ಚಳಿಯಲ್ಲಿ ಹೊದಿಕೆ, ಹೊಲದಲ್ಲಿ ಹಾಸಿಗೆ, ಬುತ್ತಿ ಬಿಚ್ಚುವಾಗ ಮಣೆ. ಕುರಿ ಕಾಯುವವನ ಕಪಾಟೆಲ್ಲ ಅವನ ಹೆಗಲ ಮೇಲೆಯೇ ಇರುತ್ತದೆ. ಹವೆ ಬದಲಾದಾಗ ಅವನು ಅರಿವೆಯನ್ನು ಬದಲಿಸುವುದಿಲ್ಲ. ಹೊದೆಯುವ ರೀತಿಯನ್ನು ಬದಲಿಸುತ್ತಾನೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಕಪಾಟೂ ನಾಡಿನಲ್ಲಿದೆ. ಸಭೆ ಸಮಾರಂಭಗಳಲ್ಲಿ ಶಾಲು ಹೊದಿಸಿ ಸತ್ಕರಿಸುವುದು ಸಂಪ್ರದಾಯ. ಗಣ್ಯರ ಮನೆಗಳಲ್ಲಿ, ನಿವೃತ್ತರಾದ ಗುರುಗಳ ಮನೆಗಳಲ್ಲಿ ಇಂಥ ಶಾಲುಗಳು ಹಲಗೆ ತುಂಬಿ ಉಳಿದಿರುತ್ತವೆ. ಹೊದಿಸಿದವರ ಪ್ರೀತಿ ದೊಡ್ಡದು. ಆದರೆ ಶಾಲುಗಳಲ್ಲಿ ಹಲವು ಜರಿಯಿಂದ ಮಿನುಗುತ್ತವೆ, ಮೈಯನ್ನು ಮಾತ್ರ ಬೆಚ್ಚಗಿಡವು. ತೆಗೆದು ಹೊದೆಯಲೂ ಆಗದು, ಯಾರಿಗಾದರೂ ಕೊಡಲೂ ಮನಸ್ಸೊಪ್ಪದು. ಅದೇ ಗೌರವವನ್ನು ಒಂದು ಕಂಬಳಿಯಿಂದಲೋ, ಗರಗದ ಖಾದಿಯ ಟವೆಲಿನಿಂದಲೋ ಸಲ್ಲಿಸಿದರೆ ಸತ್ಕಾರಕ್ಕೆ ಕುಂದು ಬಾರದು. ರಾಷ್ಟ್ರಧ್ವಜದ ಬಟ್ಟೆಯನ್ನೇ ನೇಯ್ದು ಕೊಟ್ಟ ಊರಿನ ನೂಲು ಯಾವ ಹೆಗಲಿಗೂ ಕಡಿಮೆಯಾದುದಲ್ಲ.

ಹವೆಯ ಚಂಚಲತೆ ಈಗ ಧಾರವಾಡಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಉಕ್ಕಿ ಹರಿದಾಗ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ಬಿಡಬೇಕಾಯಿತು. ನಾಲ್ಕು ವರ್ಷ ಕಳೆದು, 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಎರೆನೆಲದ ಊರಿಗೂ ಹಸಿಯ ಕಷ್ಟ ತಿಳಿಯಿತು, ಮಲೆನಾಡಿನ ಊರಿಗೂ ಒಣಗಿದ ಕೆರೆಯ ಕಷ್ಟ ತಿಳಿಯಿತು. ನಕ್ಷತ್ರ ನೋಡಿ ಪೆಟ್ಟಿಗೆ ತೆರೆಯುತ್ತಿದ್ದ ಹಿರಿಯರ ಲೆಕ್ಕ ತಪ್ಪುವ ಕಾಲದಲ್ಲಿ ಪೆಟ್ಟಿಗೆಯೇ ಸದಾ ಸಿದ್ಧವಾಗಿರಬೇಕಾಗುತ್ತದೆ.

ಆದುದರಿಂದ ವಿದ್ಯಾರ್ಥಿಗಳು ಕೂಡಿ ವಾಸಿಸುವ ಪ್ರತಿಯೊಂದು ನಿಲಯದಲ್ಲಿಯೂ ಗ್ರಂಥಭಂಡಾರದಂತೆ ಒಂದು ಅರಿವೆಯ ಭಂಡಾರವಿರುವುದು ಲೇಸು. ಅಳತೆಯ ಮೇರೆಗೆ ಹೊಂದಿಸಿಟ್ಟ ಒಣ ಸಮವಸ್ತ್ರಗಳು, ಕೆಲವು ಸ್ವೆಟರುಗಳು, ಕೊಡೆಗಳು, ಕಂಬಳಿಗಳು, ಮಳೆ ತಾಗದಂತೆ ಗಾಳಿಯಾಡುವ ಕಡೆ ಕಟ್ಟಿದ ಉದ್ದನೆಯ ಹಗ್ಗಗಳು. ಇಷ್ಟಕ್ಕೆ ದೊಡ್ಡ ವೆಚ್ಚ ಬೇಡ. ಪುಸ್ತಕವನ್ನು ಒಯ್ದು ಓದಿ ಮರಳಿಸುವಂತೆ ಹುಡುಗನು ಒಣ ಜೊತೆಯನ್ನು ಒಯ್ದು, ತೊಟ್ಟು, ಒಗೆದು ಮರಳಿಸಲಿ. ಯಾರೂ ಕಾರಣ ಕೇಳಬಾರದು. ಉಳ್ಳವನ ಮಗನೂ ತೊಯ್ದ ದಿನ ಅಲ್ಲಿಂದಲೇ ಒಯ್ಯಬೇಕು. ಆಗ ಅದು ಭಿಕ್ಷೆಯಾಗದು, ವ್ಯವಸ್ಥೆಯಾಗುತ್ತದೆ. ದಾನಿಗಳೂ ಹೊತ್ತನ್ನು ಅರಿತು ಕೊಡಬೇಕು. ದೀಪಾವಳಿಗೆ ಬರುವ ಕೊಡೆ ಮುಂದಿನ ಮೃಗಶಿರದವರೆಗೆ ಮೂಲೆಯಲ್ಲಿರುತ್ತದೆ. ಮೇ ಮುಗಿಯುವುದರೊಳಗೆ ಬಂದದ್ದು ಜೂನಿನಲ್ಲಿಯೇ ಒಂದು ತಲೆಯನ್ನು ಕಾಯುತ್ತದೆ. ಗುರುಗಳ ಕಣ್ಣು ಮಾತ್ರ ಬೆಲೆ ಕೊಟ್ಟು ತರಲಾಗದ ವಸ್ತು: ಬುಧವಾರದ ಮುಂಜಾನೆ ಹಿಂದಿನ ಸಾಲಿನಲ್ಲಿ ಮೈ ಮುದುಡಿ ಕುಳಿತವನನ್ನು ಹೆಸರು ಕೂಗುವ ಮುನ್ನವೇ ಗುರುತಿಸಿ, ಸದ್ದಿಲ್ಲದೆ ಭಂಡಾರದ ಬೀಗದ ಕೈ ಅವನ ಕೈಗಿಡಬೇಕು. ಒಣ ಅಂಗಿ ತೊಟ್ಟು ಅವನು ತರಗತಿಗೆ ಮರಳಿದಾಗ ಪಾಠ ಇನ್ನೂ ಅರ್ಧ ಉಳಿದಿರುತ್ತದೆ.